ಮೋಟರ್ ದೊಡ್ಡದಾದರೆ ಗಾಳಿ ಹೆಚ್ಚುತ್ತದೆಯೇ?

ಈ ಅಂಕಣಕ್ಕೆ ಪತ್ರ ಬರೆಯುವವರಲ್ಲಿ ಮರಗೆಲಸದವರದ್ದು ದೊಡ್ಡ ಪಾಲು. ಅವರು ಕೇಳುವ ಪ್ರಶ್ನೆಗಳಲ್ಲಿ ಒಂದಂತೂ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. "ವರ್ಕ್‌ಶಾಪಿನ ಡಸ್ಟ್ ಕಲೆಕ್ಟರ್ ಮೊದಲಿನ ಹಾಗೆ ಎಳೆಯುತ್ತಿಲ್ಲ ಸರ್. ಈಗಿರುವುದು 2 ಎಚ್‌ಪಿ ಮೋಟರ್. 3 ಎಚ್‌ಪಿ ಹಾಕಿಸಿದರೆ ಸರಿಹೋಗುತ್ತದಾ, ಇಲ್ಲ ಒಂದೇ ಸಲಕ್ಕೆ 5 ಎಚ್‌ಪಿ ಹಾಕಿಸಿಬಿಡಲಾ?" ಕೆಲವರು ಮೋಟರ್ ಆಗಲೇ ಸುಟ್ಟುಹೋದ ಮೇಲೆ ಬರೆಯುತ್ತಾರೆ. ಹೇಗೂ ಹೊಸದು ತರಬೇಕು, ಇದೇ ಖರ್ಚಿನಲ್ಲಿ ಫ್ಯಾನನ್ನೂ ಬದಲಿಸಿ ಯಂತ್ರಕ್ಕೆ ಇನ್ನಷ್ಟು ಬಲ ತುಂಬಬಹುದಲ್ಲ ಎನ್ನುವುದು ಅವರ ಲೆಕ್ಕ.

ಉತ್ತರದ ತಿರುಳನ್ನು ಮೊದಲೇ ಹೇಳುತ್ತೇನೆ. ಹಳೆಯ ಫ್ಯಾನನ್ನೇ ಇಟ್ಟುಕೊಂಡು ಮೋಟರ್ ಒಂದನ್ನೇ ದೊಡ್ಡದು ಮಾಡಿದರೆ ಗಾಳಿ ಹೆಚ್ಚಾಗುವುದಿಲ್ಲ. ಎಷ್ಟು ಗಾಳಿ ಹರಿಯಬೇಕು, ಅದನ್ನು ಎಷ್ಟು ಜೋರಾಗಿ ಎಳೆಯಬೇಕು ಎಂಬುದು ತೀರ್ಮಾನವಾಗುವುದು ಒಳಗೆ ಸುತ್ತುವ ಚಕ್ರದಿಂದ, ಅಂದರೆ ಇಂಪೆಲ್ಲರ್‌ನಿಂದ. ಅದರ ವ್ಯಾಸ, ಅಗಲ, ಅಲಗುಗಳ ಆಕಾರ, ನಿಮಿಷಕ್ಕೆ ಅದು ಹಾಕುವ ಸುತ್ತು, ಇಷ್ಟೇ ಲೆಕ್ಕಕ್ಕೆ ಬರುವುದು. ಆ ಚಕ್ರವನ್ನು ಆ ವೇಗದಲ್ಲಿ ಸುತ್ತಿಸುತ್ತಿರುವುದು ಮೋಟರ್‌ನ ಕೆಲಸ. ಚಕ್ರ ಕೇಳುವುದು 1.8 ಎಚ್‌ಪಿ ಆದರೆ, ಬೆನ್ನಿಗೆ 5 ಎಚ್‌ಪಿ ಮೋಟರ್ ಕಟ್ಟಿದರೂ ಅದು ಕೊಡುವುದು 1.8 ಎಚ್‌ಪಿಯನ್ನೇ. ಬಾವಿಯ ಹತ್ತಿರ ಪೈಲ್ವಾನನನ್ನೇ ನಿಲ್ಲಿಸಿದರೂ ಕೊಡ ಚಿಕ್ಕದಾಗಿದ್ದರೆ ಒಂದು ಸಲ ಸೇದಿದರೆ ಬರುವುದು ಒಂದೇ ಚಿಕ್ಕ ಕೊಡ ನೀರು.

ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಪೀಠೋಪಕರಣ ಮಾಡುವ ಪರಿಚಯದವರೊಬ್ಬರು ಇದನ್ನು ಮಾಡಿಯೇ ನೋಡಿದ್ದರು. ಒಂದು ಪ್ಯಾನಲ್ ಸಾ, ಒಂದು ತಿಕ್‌ನೆಸ್ಸರ್, ಒಂದು ಸ್ಯಾಂಡರ್ ಇರುವ ಶೆಡ್ ಅವರದು. ಎರಡು ಚೀಲದ ಡಸ್ಟ್ ಕಲೆಕ್ಟರ್‌ಗೆ 2 ಎಚ್‌ಪಿ ಮೋಟರ್ ತೆಗೆದು 5 ಎಚ್‌ಪಿ ಕೂರಿಸಿದ್ದರು. ಅದಕ್ಕೆಂದೇ ಹೊಸ ಸ್ಟಾರ್ಟರ್, ದಪ್ಪ ಕೇಬಲ್, ಕೆಳಗೆ ಹೊಸದಾಗಿ ಬೆಸುಗೆ ಹಾಕಿದ ಆ್ಯಂಗಲ್ ಸ್ಟ್ಯಾಂಡ್. ಆದರೂ ತಿಕ್‌ನೆಸ್ಸರ್ ಬಾಯಲ್ಲಿ ಹೊಟ್ಟು ಹಿಂದಿನಂತೆಯೇ ಗುಡ್ಡೆ ಬೀಳುತ್ತಿತ್ತು. ನೋಡಿದರೆ ಚಕ್ರ ಹಳೆಯದೇ. ದೊಡ್ಡ ಮೋಟರ್ ಹೊರೆಯಿಲ್ಲದೆ ತಿರುಗುತ್ತಿದ್ದುದರಿಂದ 2840 ಸುತ್ತಿನ ಕಡೆಯಿಂದ 2900ರ ಕಡೆಗೆ ವೇಗ ಸ್ವಲ್ಪ ಏರಿತ್ತು. ಆ ಏರಿಕೆಯಿಂದ ಸಿಕ್ಕ ಗಾಳಿ ನೂರಕ್ಕೆ ಎರಡು ಪಾಲು. ಅಷ್ಟು ಹಣಕ್ಕೆ ದಪ್ಪ ಪೈಪು, ಒಳ್ಳೆಯ ಚೀಲ ಎರಡೂ ಬರುತ್ತಿದ್ದವು ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಫ್ಯಾನಿನ ಲೆಕ್ಕ ಮೂರು ಸಾಲಿನದು. ಅದನ್ನು ತಿಳಿದುಕೊಂಡವರಿಗೆ ಅಂಗಡಿಯಲ್ಲಿ ಯಾರೂ ಏನನ್ನೂ ಸುಮ್ಮನೆ ಮಾರಲಾಗದು. ಚಕ್ರದ ವೇಗ ಎಷ್ಟು ಪಟ್ಟು ಹೆಚ್ಚುತ್ತದೋ ಗಾಳಿ ಅಷ್ಟೇ ಪಟ್ಟು ಹೆಚ್ಚುತ್ತದೆ. ಒತ್ತಡ ಅದರ ವರ್ಗದಷ್ಟು ಹೆಚ್ಚುತ್ತದೆ. ಬೇಕಾಗುವ ಶಕ್ತಿ ಮಾತ್ರ ಅದರ ಘನದಷ್ಟು ಏರುತ್ತದೆ. ವೇಗವನ್ನು ನೂರಕ್ಕೆ ಹತ್ತು ಹೆಚ್ಚಿಸಿದರೆ ಗಾಳಿ ನೂರಕ್ಕೆ ಹತ್ತು ಹೆಚ್ಚುತ್ತದೆ, ಶಕ್ತಿ ನೂರಕ್ಕೆ 33 ಹೆಚ್ಚು ಬೇಕಾಗುತ್ತದೆ. ವಿಎಫ್‌ಡಿ (ಕರೆಂಟಿನ ಹರ್ಟ್ಸ್ ಬದಲಿಸಿ ಮೋಟರ್ ವೇಗ ಬದಲಿಸುವ ಸಾಧನ) ಹಾಕಿಸಿ ಮೋಟರನ್ನು 50ರ ಬದಲು 60 ಹರ್ಟ್ಸ್‌ನಲ್ಲಿ ಓಡಿಸುತ್ತೇನೆ ಎನ್ನುವವರು ಈ ಮೂರನೆಯ ಸಾಲನ್ನು ನೋಡಲೇಬೇಕು. 2 ಎಚ್‌ಪಿ ಕೇಳುತ್ತಿದ್ದ ಚಕ್ರ ಆಗ ಸುಮಾರು ಮೂರೂವರೆ ಎಚ್‌ಪಿ ಕೇಳುತ್ತದೆ. ಅಲಗುಗಳ ಬೆಸುಗೆಯ ಮೇಲೆ ಬೀಳುವ ಜಗ್ಗಾಟವೂ ಸುಮಾರು ಒಂದೂವರೆ ಪಟ್ಟಾಗುತ್ತದೆ. ಆ ವೇಗಕ್ಕೆಂದು ಮಾಡಿರದ ಚಕ್ರವನ್ನು ಹಾಗೆ ಓಡಿಸುವುದು ಜೀವಕ್ಕೇ ಅಪಾಯ. ಅದನ್ನು ಮಾಡಬೇಡಿ.

ಇತ್ತೀಚೆಗೆ ಅಮೆರಿಕದ ಹವ್ಯಾಸಿಗಳ ವಿಡಿಯೊ ನೋಡಿ ಬರೆಯುವವರು ಹೆಚ್ಚಾಗಿದ್ದಾರೆ. ಅಲ್ಲಿಯವರು ಅಗ್ಗದ ಡಸ್ಟ್ ಕಲೆಕ್ಟರ್ ತಂದು, ಒಳಗಿನ ಚಿಕ್ಕ ಚಕ್ರ ತೆಗೆದು 12 ಇಂಚಿನದು ಹಾಕಿ, ಎಳೆತ ಹೆಚ್ಚಾಯಿತೆಂದು ತೋರಿಸುತ್ತಾರೆ. ಅದು ನಿಜವೇ. ಆದರೆ ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಎರಡು ಪೋಲಿನ ಮೋಟರ್ ಅಲ್ಲಿ ಸುಮಾರು 3450 ಸುತ್ತು ತಿರುಗಿದರೆ ಇಲ್ಲಿ ತಿರುಗುವುದು 2850. ಅದೇ ಚಕ್ರ ಇಲ್ಲಿ ಕೊಡುವ ಗಾಳಿ ನೂರಕ್ಕೆ 17 ಕಡಿಮೆ, ಒತ್ತಡ ಮೂರರಲ್ಲಿ ಒಂದು ಪಾಲು ಕಡಿಮೆ. ಅಲ್ಲಿನ 12 ಇಂಚಿನ ಚಕ್ರದ ಎಳೆತ ಇಲ್ಲಿ ಬೇಕೆಂದರೆ ಹದಿನಾಲ್ಕೂವರೆ ಇಂಚಿನ ಚಕ್ರ ಬೇಕಾಗುತ್ತದೆ. ಅಲ್ಲಿಂದ ತರಿಸಿದ ಯಂತ್ರವನ್ನು ಇಲ್ಲಿ ಓಡಿಸಿ "ಕಂಪನಿಯವರು ಹೇಳಿದಷ್ಟು ಎಳೆಯುವುದಿಲ್ಲ" ಎನ್ನುವವರಿಗೂ ಇದೇ ಉತ್ತರ. ಇನ್ನೊಂದು ಮಾತು: ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ತೆಳು. ಒಂದೇ ಯಂತ್ರವನ್ನು ಎರಡೂ ಕಡೆ ಅಳೆದರೆ ಬೆಂಗಳೂರಿನಲ್ಲಿ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ ಬರುತ್ತದೆ. ಅದು ಯಂತ್ರದ ದೋಷವಲ್ಲ.

ಹಾಗಾದರೆ ಎಳೆತ ಕಡಿಮೆಯಾದಾಗ ಮಾಡಬೇಕಾದ್ದೇನು? ಮೊದಲು ಅಳೆಯಬೇಕು. ಇದಕ್ಕೆ ದುಬಾರಿ ಮೀಟರ್ ಬೇಕಿಲ್ಲ. ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ಮೀಟರ್ ತುಂಡು ಸಾಕು. ಅದನ್ನು ಇಂಗ್ಲಿಷಿನ ಯು ಅಕ್ಷರದ ಹಾಗೆ ಹಲಗೆಗೆ ಕಟ್ಟಿ, ಅರ್ಧದಷ್ಟು ನೀರು ತುಂಬಿ. ಡಸ್ಟ್ ಕಲೆಕ್ಟರ್ ಬಾಯಿಗೆ ಸ್ವಲ್ಪ ಮೊದಲು ಪೈಪಿನಲ್ಲೊಂದು ಸಣ್ಣ ತೂತು ಕೊರೆದು ಒಂದು ತುದಿಯನ್ನು ಅದಕ್ಕೆ ಹಿಡಿಯಿರಿ, ಇನ್ನೊಂದು ತುದಿ ತೆರೆದಿರಲಿ. ಯಂತ್ರ ಚಾಲೂ ಮಾಡಿ, ಪೈಪಿನ ಆಚೆ ಬಾಯಿಯನ್ನು ಪ್ಲೈವುಡ್ ತುಂಡಿನಿಂದ ಪೂರ್ತಿ ಮುಚ್ಚಿದರೆ ಒಂದು ಕಡೆಯ ನೀರು ಮೇಲೇರಿ ನಿಲ್ಲುತ್ತದೆ. ಎರಡು ಮಟ್ಟಗಳ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆಯಿರಿ. 12 ಇಂಚಿನ ಚಕ್ರವಿದ್ದರೆ ಅದು 150ರಿಂದ 200 ಮಿಲಿಮೀಟರ್ ಆಸುಪಾಸಿನಲ್ಲಿರಬೇಕು.

ಬಾಯಿ ಮುಚ್ಚಿ ಅಳೆಯುವುದಕ್ಕೆ ಒಂದು ಕಾರಣವಿದೆ. ಆಗ ಗಾಳಿ ಹರಿಯುವುದೇ ಇಲ್ಲವಾದ್ದರಿಂದ ಚೀಲ ಕಟ್ಟಿಕೊಂಡಿದ್ದರೂ ಪೈಪು ಕಿರಿದಾಗಿದ್ದರೂ ಅಳತೆ ಬದಲಾಗುವುದಿಲ್ಲ. ಕಾಣುವುದು ಚಕ್ರ ಮತ್ತು ಅದರ ವೇಗ ಎರಡರ ಆರೋಗ್ಯ ಮಾತ್ರ. ಅಳತೆ ಸರಿಯಾಗಿ ಬಂದರೆ ಮೋಟರನ್ನೂ ಫ್ಯಾನನ್ನೂ ಮುಟ್ಟಬೇಡಿ, ದೋಷ ಪೈಪಿನಲ್ಲೋ ಚೀಲದಲ್ಲೋ ಇದೆ. ಆಮೇಲೆ ಬಾಯಿ ತೆರೆದು, ಬ್ಲೋವರ್‌ಗೂ ಚೀಲಕ್ಕೂ ನಡುವೆ ತೂತು ಮಾಡಿ ಅಳೆದರೆ ಚೀಲ ಎಷ್ಟು ತಡೆಯುತ್ತಿದೆ ಎಂಬುದು ನೇರವಾಗಿ ಕಾಣುತ್ತದೆ. ಚೀಲವನ್ನು ಚೆನ್ನಾಗಿ ಕೊಡವಿ ಇನ್ನೊಮ್ಮೆ ಅಳೆಯಿರಿ. ಅಂತರ ಅರ್ಧಕ್ಕರ್ಧ ಇಳಿದರೆ, ಮೋಟರ್‌ಗೆಂದು ಎತ್ತಿಟ್ಟ ದುಡ್ಡನ್ನು ಹೆಚ್ಚು ಬಟ್ಟೆಯಿರುವ ಫಿಲ್ಟರ್‌ಗೆ ಹಾಕಿ.

ಪೈಪಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಮರದ ಹೊಟ್ಟು ಪೈಪಿನಲ್ಲಿ ಕೂರದೆ ಸಾಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. ಆ ವೇಗದಲ್ಲಿ 4 ಇಂಚಿನ ಪೈಪಿನಲ್ಲಿ ಹರಿಯುವುದು ನಿಮಿಷಕ್ಕೆ 350 ಘನ ಅಡಿ, 6 ಇಂಚಿನದರಲ್ಲಿ 785. ಯಂತ್ರದ ಮೇಲೆ 1200 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಎಂದು ಬರೆದಿರುತ್ತದೆ. ಪೈಪೂ ಚೀಲವೂ ಇಲ್ಲದೆ ಬರಿಯ ಬ್ಲೋವರ್ ಊದುವಾಗಿನ ಲೆಕ್ಕ ಅದು. ಅದರ ಬಾಯಿಗೆ ಹತ್ತು ಮೀಟರ್ ಉದ್ದದ, ಸುಕ್ಕುಸುಕ್ಕಾದ 4 ಇಂಚಿನ ಹೋಸ್ ಕಟ್ಟಿಟ್ಟು ಮೋಟರನ್ನು ಬೈದರೆ ಏನು ಬಂತು? ಒಳಗೆ ನಯವಾಗಿರುವ 6 ಇಂಚಿನ ಪೈಪನ್ನು ಯಂತ್ರದ ಹತ್ತಿರದವರೆಗೆ ತಂದು, ಕೊನೆಯ ಒಂದು ಮೀಟರಿಗೆ ಮಾತ್ರ ಹೋಸ್ ಇಡಿ. ಎಷ್ಟೋ ಶೆಡ್ಡುಗಳಲ್ಲಿ ಇಷ್ಟರಿಂದಲೇ ಸಮಸ್ಯೆ ಪರಿಹಾರವಾಗಿದೆ.

ಮುಚ್ಚಿದ ಬಾಯಿಯ ಅಳತೆಯೇ ಕಡಿಮೆ ಬಂದರೆ ಬ್ಲೋವರ್ ಬಿಚ್ಚಬೇಕು. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೇ ಬಿಚ್ಚಿ. ಮುಂದಿನ ತಟ್ಟೆ ತೆಗೆದಾಗ ಕಾಣುವ ನೋಟ ಪ್ಲೈವುಡ್, ಎಂಡಿಎಫ್ ಕೆಲಸದ ಶೆಡ್ಡುಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಅಲಗುಗಳ ಒಳಮೂಲೆಯಲ್ಲಿ, ಅವು ಹಿಂದಿನ ತಟ್ಟೆಗೆ ಸೇರುವ ಜಾಗದಲ್ಲಿ, ಅಂಟು ಬೆರೆತ ಕಂದು ಪುಡಿ ಪದರ ಪದರವಾಗಿ ಗಟ್ಟಿಯಾಗಿ ಕೂತಿರುತ್ತದೆ. ಉಗುರಿನಲ್ಲಿ ಕೆರೆದರೆ ಬರುವುದಿಲ್ಲ, ಪುಟ್ಟಿ ಬ್ಲೇಡಿನಲ್ಲಿ ಎಬ್ಬಿದರೆ ಬಿಲ್ಲೆಬಿಲ್ಲೆಯಾಗಿ ಏಳುತ್ತದೆ. ಒಂದು ಅಲಗಿನ ಬಿಲ್ಲೆ ತಾನಾಗಿ ಉದುರಿ ಎದುರು ಅಲಗಿನದು ಉಳಿದುಕೊಂಡರೆ ಚಕ್ರದ ತೂಕ ಒಂದು ಕಡೆಗೆ ವಾಲುತ್ತದೆ. "ಇದ್ದಕ್ಕಿದ್ದ ಹಾಗೆ ಯಂತ್ರ ನಡುಗಲು ಶುರುವಾಯಿತು" ಎಂಬ ದೂರಿನ ಮೂಲ ಬಹಳ ಸಲ ಇದೇ. ಪೂರ್ತಿ ಕೆರೆದು ತೆಗೆದರೆ ನಡುಕ ನಿಲ್ಲುತ್ತದೆ, ಕಳೆದುಹೋದ ಒತ್ತಡವೂ ಸ್ವಲ್ಪ ಮರಳುತ್ತದೆ. ಅಲಗಿನ ಅಂಚು ಸವೆದು ಗರಗಸದಂತಾಗಿದ್ದರೆ, ಬುಡದ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ, ಆ ಚಕ್ರವನ್ನು ಮತ್ತೆ ಹಾಕಬಾರದು.

ಹೊಸ ಚಕ್ರ ಕೊಳ್ಳುವಾಗ ಆಸೆಗೆ ಒಂದು ಮಿತಿ ಇರಲಿ. 12 ಇಂಚಿನ ಬದಲು 14 ಇಂಚಿನದು ಹಾಕಿದರೆ ಒತ್ತಡ ನೂರಕ್ಕೆ 36ರಷ್ಟು ಹೆಚ್ಚುತ್ತದೆ, ಬೇಕಾಗುವ ಶಕ್ತಿ ಮಾತ್ರ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ಅಂದರೆ 2 ಎಚ್‌ಪಿಯ ಜಾಗಕ್ಕೆ 4 ಎಚ್‌ಪಿಯ ಹತ್ತಿರ. ಮೋಟರ್ ದೊಡ್ಡದು ಮಾಡುವುದಕ್ಕೆ ಅರ್ಥ ಬರುವುದು ಇಲ್ಲಿ, ಚಕ್ರದ ಜೊತೆಗೆ. ಆ ಚಕ್ರ ಬ್ಲೋವರ್ ಡಬ್ಬಿಯೊಳಗೆ ಹಿಡಿಸಬೇಕು, ಸುತ್ತಲೂ ಗಾಳಿ ಹೊರಗೆ ಹೋಗಲು ಜಾಗ ಉಳಿಯಬೇಕು. ಡಬ್ಬಿಯ ಗೋಡೆಗೆ ತಾಗುವಷ್ಟು ದೊಡ್ಡ ಚಕ್ರ ತುರುಕಿದರೆ ಸದ್ದು ಹೆಚ್ಚುತ್ತದೆಯೇ ಹೊರತು ಗಾಳಿ ಹೆಚ್ಚುವುದಿಲ್ಲ. ಇನ್ನು ಹೊಟ್ಟು, ಚೂರು ಎಲ್ಲ ಚಕ್ರದ ಮೂಲಕವೇ ಹಾದುಹೋಗುವ ಯಂತ್ರವಾದರೆ ನೇರ ಅಲಗಿನ, ಮುಂದೆ ತೆರೆದಿರುವ ಗಟ್ಟಿ ಚಕ್ರವೇ ಬೇಕು. ಏರ್ ಕೂಲರ್‌ನಲ್ಲಿರುವಂಥ, ಮುಂದಕ್ಕೆ ಬಾಗಿದ ಸಣ್ಣ ಸಣ್ಣ ಅಲಗುಗಳ ಚಕ್ರ ಸ್ವಲ್ಪ ಹೊತ್ತಿನಲ್ಲೇ ಕಟ್ಟಿಕೊಳ್ಳುತ್ತದೆ. ಬೆಲೆ ಕಡಿಮೆ ಎಂದು ಅದನ್ನು ತರಬೇಡಿ. ಯಾವ ಚಕ್ರವಾದರೂ ಕೂರಿಸುವ ಮೊದಲು ಡೈನಮಿಕ್ ಬ್ಯಾಲೆನ್ಸಿಂಗ್ ಮಾಡಿಸಿ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಮಾಡಿಕೊಡುವವರಿದ್ದಾರೆ. ಫ್ಯಾನುಗಳಿಗೆ ಜಿ 6.3 ದರ್ಜೆ ಸಾಕು, ಅದನ್ನೇ ಹೆಸರಿಟ್ಟು ಕೇಳಿ.

ಮೋಟರ್ ವಿಷಯಕ್ಕೆ ಬರೋಣ. ಸುಟ್ಟ ಮೋಟರ್ ಬದಲಿಸುವ ಮೊದಲು ಅದು ಯಾಕೆ ಸುಟ್ಟಿತು ಎಂದು ತಿಳಿಯದಿದ್ದರೆ ಹೊಸದಕ್ಕೂ ಅದೇ ಗತಿ. ಇಲ್ಲಿ ಅನುಭವಸ್ಥ ಎಲೆಕ್ಟ್ರಿಷಿಯನ್ನರೂ ತಪ್ಪು ತಿಳಿದಿರುವ ಒಂದು ಸಂಗತಿಯಿದೆ. ಬ್ಲೋವರ್ ಬಾಯಿ ಮುಚ್ಚಿದರೆ ಮೋಟರ್ ಮೇಲೆ ಹೊರೆ ಹೆಚ್ಚುತ್ತದೆ ಎಂದು ಬಹಳ ಜನರ ನಂಬಿಕೆ. ಆಗುವುದು ತದ್ವಿರುದ್ಧ. ಬಾಯಿ ಮುಚ್ಚಿದರೆ ಚಕ್ರ ಸಾಗಿಸಬೇಕಾದ ಗಾಳಿಯೇ ಇಲ್ಲ, ಆಂಪಿಯರ್ ಇಳಿಯುತ್ತದೆ. ಬಾಯಿ ಪೂರ್ತಿ ತೆರೆದಾಗ ಹರಿಯುವ ಗಾಳಿ ಅತಿ ಹೆಚ್ಚು, ಆಂಪಿಯರ್ ಕೂಡ ಅತಿ ಹೆಚ್ಚು. ಟಾಂಗ್ ಟೆಸ್ಟರ್ ಹಾಕಿ, ಪ್ಲೈವುಡ್ ತುಂಡನ್ನು ಬಾಯಿಗೆ ಇಟ್ಟು ತೆಗೆದು ಮಾಡಿದರೆ ಯಾರಿಗಾದರೂ ಮನವರಿಕೆಯಾಗುತ್ತದೆ. ಪೈಪು ಬಿಚ್ಚಿಟ್ಟು, ಚೀಲ ತೆಗೆದು "ಸುಮ್ಮನೆ ಓಡಿಸಿ ನೋಡುವುದು" ಇದಕ್ಕೇ ಅಪಾಯಕಾರಿ. ಹಾಗೆಯೇ 4 ಇಂಚಿನ ಪೈಪು ತೆಗೆದು 6 ಇಂಚಿನದು ಹಾಕಿದ ದಿನವೂ ಆಂಪಿಯರ್ ನೋಡಬೇಕು. ಗಾಳಿ ಹೆಚ್ಚಿದ್ದಕ್ಕೆ ಹೊರೆಯೂ ಹೆಚ್ಚಿರುತ್ತದೆ.

ಎರಡನೆಯ ಕಾರಣ ವೋಲ್ಟೇಜ್. ಊರ ಕಡೆ ಸಿಂಗಲ್ ಫೇಸಿನಲ್ಲಿ ಓಡಿಸುವವರಿಗೆ 230 ಇರಬೇಕಾದಲ್ಲಿ 180 ಬಂದರೆ ಮೋಟರ್ ತಿರುಗಿಸುವ ಬಲ ನೂರಕ್ಕೆ 61ಕ್ಕೆ ಇಳಿಯುತ್ತದೆ. ಭಾರದ ಚಕ್ರ ವೇಗ ಹಿಡಿಯಲು ಹೆಚ್ಚು ಹೊತ್ತು ಬೇಕಾಗುತ್ತದೆ. ಅಷ್ಟು ಹೊತ್ತೂ ಸ್ಟಾರ್ಟಿಂಗ್ ಕೆಪಾಸಿಟರ್, ವೈಂಡಿಂಗ್ ಎರಡೂ ಕಾಯುತ್ತಿರುತ್ತವೆ. ಮೂರನೆಯದು ಕಣ್ಣೆದುರಿಗೇ ಇರುತ್ತದೆ: ಮೋಟರ್ ಹಿಂಭಾಗದ ಜಾಲರಿಯ ಮುಚ್ಚಳ ಹೊಟ್ಟಿನಿಂದ ಮುಚ್ಚಿಹೋಗಿ, ಅದನ್ನು ತಣಿಸುವ ಪುಟ್ಟ ಫ್ಯಾನಿಗೆ ಗಾಳಿಯೇ ಸಿಗುವುದಿಲ್ಲ. ಮೂರು ಫೇಸಿನಲ್ಲಿ ಒಂದು ಹೋದರೂ ಓಡುತ್ತಲೇ ಇದ್ದು ಸುಡುವ ಮೋಟರುಗಳಿಗಂತೂ ಲೆಕ್ಕವಿಲ್ಲ. ಓವರ್‌ಲೋಡ್ ರಿಲೇ ಮತ್ತೆ ಮತ್ತೆ ಟ್ರಿಪ್ ಆಗುತ್ತದೆಂದು ಅದರ ತಿರುಪನ್ನು ಮೇಲಕ್ಕೆ ತಿರುಗಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಅದು ಮೋಟರ್ ಉಳಿಸಲೆಂದೇ ಇರುವ ಸಾಧನ. ನೇಮ್ ಪ್ಲೇಟಿನಲ್ಲಿ ಬರೆದ ಆಂಪಿಯರ್‌ಗೇ ಅದು ನಿಲ್ಲಬೇಕು.

ರಿವೈಂಡ್ ಮಾಡಿಸುವುದೋ ಹೊಸದು ತರುವುದೋ? ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದರೂ ಅಲ್ಲಿನ ಮೋಟರುಗಳು ಕೆಲವು ಶೆಡ್ಡುಗಳಲ್ಲಿ ಇನ್ನೂ ತಿರುಗುತ್ತಿವೆ. ಅಂಥ ಗಟ್ಟಿ ದೇಹದ ಮೋಟರನ್ನು ಒಳ್ಳೆಯ ವೈಂಡಿಂಗ್ ಅಂಗಡಿಯಲ್ಲಿ ಕಟ್ಟಿಸಿ, ಬೇರಿಂಗ್ ಬದಲಿಸಿ ಮತ್ತೆ ಓಡಿಸುವುದು ಒಳ್ಳೆಯದೇ. ಎರಡು ಮೂರು ಸಲ ಸುಟ್ಟು ಕಟ್ಟಿಸಿಕೊಂಡ ಅಗ್ಗದ ಮೋಟರ್ ಆದರೆ ಹೊಸದೇ ವಾಸಿ. ಹೊಸದು ತರುವಾಗ ಎಚ್‌ಪಿ ಒಂದನ್ನೇ ನೋಡಬೇಡಿ, ಫ್ರೇಮ್ ನೋಡಿ. 80 ಫ್ರೇಮಿನ ಶಾಫ್ಟ್ 19 ಮಿಲಿಮೀಟರ್, 90ರದು 24, 100 ಮತ್ತು 112ರದು 28. ಫ್ರೇಮಿನ ಅಂಕಿಯೇ ಪಾದದಿಂದ ಶಾಫ್ಟಿನ ನಡುವಿಗಿರುವ ಎತ್ತರ, ಮಿಲಿಮೀಟರಿನಲ್ಲಿ. ಸಾಮಾನ್ಯವಾಗಿ ಎರಡು ಪೋಲಿನ 2 ಎಚ್‌ಪಿಯೂ 3 ಎಚ್‌ಪಿಯೂ 90 ಫ್ರೇಮಿನಲ್ಲೇ ಬರುತ್ತವೆ, ಹಳೆಯ ಚಕ್ರದ ತೂತು ಹಾಗೇ ಹೊಂದುತ್ತದೆ. 5 ಎಚ್‌ಪಿಗೆ ಹೋದರೆ 112, ಚಕ್ರದ ಹಬ್ ಅನ್ನು ಲೇತಿನಲ್ಲಿ ಕೊರೆಸಬೇಕು. ಕೊರೆಸಿದ ಮೇಲೆ ಬ್ಯಾಲೆನ್ಸಿಂಗ್ ಮತ್ತೆ ಮಾಡಿಸಬೇಕು. 1440 ಸುತ್ತಿನ ನಾಲ್ಕು ಪೋಲಿನ ಮೋಟರ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಒತ್ತಡ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ.

ಹಳೆಯ ಚಕ್ರವನ್ನು ಶಾಫ್ಟಿನಿಂದ ಬಿಡಿಸುವಾಗ ಸುತ್ತಿಗೆ ಬೇಡ, ಪುಲ್ಲರ್ ಬಳಸಿ. ಹೊಡೆತದಿಂದ ಬೇರಿಂಗ್ ಹಾಳಾಗುತ್ತದೆ, ಶಾಫ್ಟ್ ಬಾಗುತ್ತದೆ. ಶಾಫ್ಟ್ ತುದಿಯ ಬೋಲ್ಟು ಕೆಲವು ಯಂತ್ರಗಳಲ್ಲಿ ಎಡಮರೆಯದು (ಲೆಫ್ಟ್ ಥ್ರೆಡ್), ಬಲವಂತ ಮಾಡುವ ಮೊದಲು ಮರೆ ನೋಡಿ. ಹೊಸ ಚಕ್ರ ಕೂರಿಸಿ, ಕೀ ಸರಿಯಾಗಿ ಕೂತಿದೆಯೇ ಎಂದು ನೋಡಿ, ಕೈಯಿಂದ ನಿಧಾನಕ್ಕೆ ಪೂರ್ತಿ ಸುತ್ತು ತಿರುಗಿಸಿ. ಎಲ್ಲೂ ಉಜ್ಜಬಾರದು. ಮರದ ಪುಡಿ ತುಂಬಿದ ಗಾಳಿಯಲ್ಲಿ ಲೋಹಕ್ಕೆ ಲೋಹ ಉಜ್ಜಿ ಕಿಡಿ ಹಾರಿದರೆ ಅದು ನೇರ ಚೀಲಕ್ಕೆ ಹೋಗುತ್ತದೆ. ಚಾಲೂ ಮಾಡಿದ ಮೇಲೆ ಸುತ್ತುವ ದಿಕ್ಕನ್ನು ಬಾಣದ ಗುರುತಿಗೆ ಹೋಲಿಸಿ. ಉಲ್ಟಾ ತಿರುಗಿದರೂ ಈ ಬ್ಲೋವರ್ ಗಾಳಿಯನ್ನು ಸರಿಯಾದ ಕಡೆಗೇ ಊದುತ್ತದೆ, ಬಲ ಮಾತ್ರ ಬಹಳ ಕಡಿಮೆ ಇರುತ್ತದೆ. ಹಾಗಾಗಿ ಎಷ್ಟೋ ಕಡೆ ತಿಂಗಳುಗಟ್ಟಲೆ ಯಾರಿಗೂ ತಿಳಿಯುವುದೇ ಇಲ್ಲ. ತ್ರೀ ಫೇಸಿನಲ್ಲಿ ಯಾವುದಾದರೂ ಎರಡು ವೈರ್ ಅದಲುಬದಲು ಮಾಡಿದರೆ ದಿಕ್ಕು ಸರಿಯಾಗುತ್ತದೆ.

ಇಷ್ಟೆಲ್ಲ ಯಾಕೆ, ಹೊಟ್ಟು ನೆಲಕ್ಕೆ ಬಿದ್ದರೆ ಗುಡಿಸಿದರಾಯಿತು ಎನ್ನುವವರಿದ್ದಾರೆ. ನೆಲಕ್ಕೆ ಬೀಳುವ ಹೊಟ್ಟಿನ ಚಿಂತೆ ನನಗೂ ಇಲ್ಲ. ಬೀಳದೆ ಗಾಳಿಯಲ್ಲೇ ತೇಲುವ, ಕಿಟಕಿಯ ಬಿಸಿಲಿನಲ್ಲಿ ಮಾತ್ರ ಕಾಣುವ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ, ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು 1995ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲಿನ ಕುಹರಗಳ ಕ್ಯಾನ್ಸರ್ ಅದರಲ್ಲಿ ಮುಖ್ಯ. 30 ಮೈಕ್ರಾನಿನ ಅಗ್ಗದ ಚೀಲ ಈ ನುಣ್ಣನೆಯ ಪುಡಿಯನ್ನು ಹಿಡಿಯದೆ ಶೆಡ್ಡಿನೊಳಕ್ಕೇ ವಾಪಸು ಊದುತ್ತದೆ. ಎಳೆತ ಹೆಚ್ಚಿಸಿ ಚೀಲ ಅದೇ ಉಳಿಸಿಕೊಂಡರೆ ಊದುವ ಪುಡಿಯೂ ಹೆಚ್ಚು. ಮೋಟರ್, ಚಕ್ರ ಬದಲಿಸುವವರು 1 ಮೈಕ್ರಾನ್ ಫಿಲ್ಟರ್‌ನ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಅಕ್ಕಪಕ್ಕದವರಿಗೆ ತೊಂದರೆಯಾಗದಂತಿದ್ದರೆ ಡಸ್ಟ್ ಕಲೆಕ್ಟರನ್ನೇ ಗೋಡೆಯಾಚೆ, ತಗಡಿನ ಮಾಡಿನಡಿ ಇಡುವುದು ಇನ್ನೂ ಒಳ್ಳೆಯದು.

ಎಲ್ಲ ಮುಗಿದ ಮೇಲೆ ಪೈಪುಗಳ ಗೇಟುಗಳನ್ನೆಲ್ಲ ತೆರೆದು ಹದಿನೈದು ನಿಮಿಷ ಓಡಿಸಿ, ಮೂರೂ ಫೇಸಿನ ಆಂಪಿಯರ್ ನೋಡಿ. ನೇಮ್ ಪ್ಲೇಟಿನ ಅಂಕಿಗಿಂತ ಸ್ವಲ್ಪ ಕೆಳಗಿದ್ದರೆ ಕೆಲಸ ಸರಿಯಾಗಿದೆ. ಆ ಅಂಕಿಗಳನ್ನೂ ಬಾಯಿ ಮುಚ್ಚಿ ಅಳೆದ ನೀರಿನ ಎತ್ತರವನ್ನೂ ತಾರೀಖಿನ ಜೊತೆ ಪೇಂಟ್ ಮಾರ್ಕರ್‌ನಲ್ಲಿ ಬ್ಲೋವರ್ ಡಬ್ಬಿಯ ಮೇಲೆ ಬರೆದಿಡಿ. ಮುಂದೆ ಯಾರಾದರೂ "ಎಳೆಯುತ್ತಿಲ್ಲ" ಎಂದಾಗ ಮತ್ತೆ ಅಳೆದು ಹೋಲಿಸಿ ನೋಡಬಹುದು.